ಊರಿನ ಮ್ಯೂಸಿಯಂಗೆ ಊರಿನವರೇ ಬರುವಂತೆ ಮಾಡುವುದು ಹೇಗೆ?

ಒಂದು ಸಣ್ಣ ಪರೀಕ್ಷೆಯಿಂದ ಶುರು ಮಾಡೋಣ. ನಿಮ್ಮ ಮ್ಯೂಸಿಯಂ ಬಾಗಿಲು ದಾಟಿ ಹೊರಗೆ ಬನ್ನಿ. ಅದೇ ಬೀದಿಯಲ್ಲಿ ಹತ್ತು ಮನೆಯಷ್ಟು ದೂರ ನಡೆದು ಸಿಕ್ಕವರನ್ನು ಕೇಳಿ, "ಕೊನೇ ಸಲ ಒಳಗೆ ಬಂದಿದ್ದು ಯಾವಾಗ?" ಅಂತ. ಹಳೆಯ ಊರುಗಳಲ್ಲಿ ಇದಕ್ಕೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. "ಸ್ಕೂಲಲ್ಲಿದ್ದಾಗ ಟೀಚರ್ ಕರೆದುಕೊಂಡು ಹೋಗಿದ್ದರು." ಇಲ್ಲವೇ, "ನೆಂಟರು ಬಂದಾಗ ತೋರಿಸೋಕೆ ಹೋಗಿದ್ದೆವು." ಎಲ್ಲೋ ದೂರದೇಶದಿಂದ ಬಂದವರು ಸರದಿಯಲ್ಲಿ ನಿಂತು ನೋಡುವ ಜಾಗಕ್ಕೆ ಎದುರು ಮನೆಯವರು ಇಪ್ಪತ್ತು ವರ್ಷದಿಂದ ಕಾಲಿಟ್ಟಿಲ್ಲ.

ಇದು ಅವರ ತಪ್ಪಲ್ಲ. ಒಂದು ಸಲ ನೋಡಿದರೆ ಮುಗಿಯಿತು ಅನ್ನುವ ಹಾಗೆ ಕಟ್ಟಿಟ್ಟವರು ನಾವೇ. ಅದಕ್ಕೇ ನನ್ನ ಅಳತೆಗೋಲು ಒಂದೇ: ಊರಿನವರು ಎರಡನೇ ಸಲ ಬರುತ್ತಾರಾ? ಮೊದಲ ಸಲ ಕುತೂಹಲಕ್ಕೆ ಬರಬಹುದು, ಯಾರೋ ಕರೆದರು ಅಂತ ದಾಕ್ಷಿಣ್ಯಕ್ಕೆ ಬರಬಹುದು. ಎರಡನೇ ಸಲ ಬರಬೇಕಾದರೆ ಒಳಗೆ ಅವರಿಗೊಂದು ಕೆಲಸ ಇರಬೇಕು. ಆ ಕೆಲಸ ಕೊಡುವುದು ಹೇಗೆ ಅನ್ನುವುದೇ ಈ ಬರಹ. ಸಣ್ಣ ಮ್ಯೂಸಿಯಂ ನಡೆಸುವವರು, ಅಲ್ಲಿ ಬಿಡುವಿನಲ್ಲಿ ದುಡಿಯುವವರು, ಹಳೇ ಕಟ್ಟಡವೊಂದು ಸಿಕ್ಕಿದೆ ಏನಾದರೂ ಮಾಡೋಣ ಅಂದುಕೊಂಡವರು, ಇವರೆಲ್ಲರಿಗಾಗಿ.

ಬಾರದವರ ಹತ್ತಿರ ಹೋಗಿ

ಬಂದವರ ಕೈಗೆ ಒಂದು ಹಾಳೆ ಕೊಟ್ಟು "ಹೇಗಿತ್ತು?" ಅಂತ ಕೇಳುವುದು ಸುಲಭ. ಅದರಿಂದ ತಿಳಿಯುವುದು ಬಂದವರ ವಿಷಯ ಮಾತ್ರ. ಬಾರದವರು ಯಾಕೆ ಬರುತ್ತಿಲ್ಲ ಅಂತ ತಿಳಿಯಬೇಕಾದರೆ ಅವರು ಇರುವ ಕಡೆ ಹೋಗಬೇಕು. ಬಸ್ ನಿಲ್ದಾಣ, ಲೈಬ್ರರಿ, ಆಸ್ಪತ್ರೆಯ ಹೊರಗಿನ ಬೆಂಚು, ಮಕ್ಕಳು ಆಡುವ ಮೈದಾನ. ಅಲ್ಲಿ ಕೂತು ಮಾತಾಡಿ. ಮ್ಯೂಸಿಯಂ ಬಗ್ಗೆ ಕೇಳಬೇಡಿ, ಊರಿನ ಬಗ್ಗೆ ಕೇಳಿ. ಮೊದಲು ಇಲ್ಲಿ ಏನಿತ್ತು, ಈಗ ಏನು ತೊಂದರೆ, ಯಾವ ಜಾಗ ಹೋಯಿತಲ್ಲಾ ಅಂತ ಬೇಜಾರು. ಒಂದು ತಿಂಗಳು ಹೀಗೆ ಸುಮ್ನೆ ಕೇಳಿಸಿಕೊಂಡರೆ ಒಂದು ವರ್ಷಕ್ಕೆ ಆಗುವಷ್ಟು ವಿಷಯ ಸಿಗುತ್ತದೆ.

ಬಾರದಿರುವುದಕ್ಕೆ ಕಾರಣಗಳು ಸಾಮಾನ್ಯವಾಗಿ ಸಣ್ಣವು. ಹತ್ತರಿಂದ ಐದರವರೆಗೆ ಮಾತ್ರ ತೆರೆದಿರುತ್ತದೆ, ದುಡಿಯುವವರಿಗೂ ಅದೇ ಹೊತ್ತು ಕೆಲಸ. ಬಾಗಿಲಲ್ಲಿ ನಾಲ್ಕು ಮೆಟ್ಟಿಲು, ಮೊಣಕಾಲು ನೋವಿರುವವರು ಅಲ್ಲಿಂದಲೇ ವಾಪಸ್. ಒಳಗೆ ಕೂರಲು ಜಾಗವಿಲ್ಲ. ಕಾವಲಿನವರು ಕಳ್ಳರನ್ನು ನೋಡಿದ ಹಾಗೆ ನೋಡುತ್ತಾರೆ. ಇದೆಲ್ಲಕ್ಕಿಂತ ದೊಡ್ಡ ಕಾರಣ, "ಅದು ನಮ್ಮಂಥವರಿಗಲ್ಲ ಬಿಡಿ" ಅನ್ನುವ ಭಾವನೆ. ಟಿಕೆಟ್ ತೆಗೆದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಕೆಲವರು ನಂಬಿದ್ದಾರೆ. ಬ್ರಿಟನ್‌ನಲ್ಲಿ 2001ರ ಡಿಸೆಂಬರ್‌ನಿಂದ ರಾಷ್ಟ್ರೀಯ ಮ್ಯೂಸಿಯಂಗಳ ಪ್ರವೇಶ ಉಚಿತವಾಯಿತು. ಬರುವವರ ಸಂಖ್ಯೆ ಜೋರಾಗಿಯೇ ಏರಿತು, ಆದರೆ ಮೊದಲಿಂದ ಬರುತ್ತಿದ್ದಂಥವರೇ ಇನ್ನೂ ಜಾಸ್ತಿ ಬಂದರು. ಯಾವತ್ತೂ ಬಾರದವರ ಪಾಲು ಅಂದುಕೊಂಡಷ್ಟು ಹೆಚ್ಚಲಿಲ್ಲ. ಟಿಕೆಟ್ ತೆಗೆಯಿರಿ, ಒಳ್ಳೆಯದೇ. ಅಷ್ಟಕ್ಕೇ ಕೈತೊಳೆದುಕೊಳ್ಳಬೇಡಿ.

ಊರಿನ ತಲೆನೋವೇ ನಿಮ್ಮ ಮೊದಲ ಪ್ರದರ್ಶನ

ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಕಥೆ ವಾಷಿಂಗ್ಟನ್‌ನ ಅನಕೋಸ್ಟಿಯಾದ್ದು. 1967ರಲ್ಲಿ, ಅಮೆರಿಕದ ದೊಡ್ಡ ದೊಡ್ಡ ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆ ಆ ಬಡಾವಣೆಯಲ್ಲಿ, ಮುಚ್ಚಿಹೋಗಿದ್ದ ಒಂದು ಸಿನಿಮಾ ಥಿಯೇಟರ್‌ನಲ್ಲಿ, ಸಣ್ಣ ಮ್ಯೂಸಿಯಂ ತೆರೆಯಿತು. ಅಲ್ಲಿ ಇದ್ದವರಲ್ಲಿ ಹೆಚ್ಚಿನವರು ಕಪ್ಪು ಜನರು, ನಗರದ ದೊಡ್ಡ ಮ್ಯೂಸಿಯಂಗಳ ಕಡೆ ತಲೆಹಾಕದವರು. ನಿರ್ದೇಶಕರಾಗಿ ಬಂದ ಜಾನ್ ಕಿನಾರ್ಡ್ ಮ್ಯೂಸಿಯಂ ಓದು ಓದಿದವರಲ್ಲ, ಜನರ ನಡುವೆ ಸಂಘಟನೆ ಮಾಡಿಕೊಂಡಿದ್ದವರು. ಆ ಬಡಾವಣೆಯ ಮಕ್ಕಳನ್ನು ಕಾಡುತ್ತಿದ್ದ ದೊಡ್ಡ ಸಮಸ್ಯೆ ಇಲಿ. ಸರಿ, 1969ರಲ್ಲಿ ಇಲಿಯ ಮೇಲೇ ಒಂದು ಪ್ರದರ್ಶನ ಮಾಡಿದರು. ಜೀವಂತ ಇಲಿಗಳನ್ನೇ ತಂದಿಟ್ಟರು. ಇಲಿ ಎಲ್ಲಿಂದ ಬರುತ್ತದೆ, ಏನು ತಿನ್ನುತ್ತದೆ, ಯಾಕೆ ಈ ಬೀದಿಯಲ್ಲೇ ಜಾಸ್ತಿ, ಓಡಿಸುವುದು ಹೇಗೆ. ರಾಜರ ಕತ್ತಿ ಇಲ್ಲ, ಚಿನ್ನದ ನಾಣ್ಯ ಇಲ್ಲ. ಆದರೂ ಆ ಪ್ರದರ್ಶನದ ಮಾತು ಇವತ್ತಿಗೂ ಮ್ಯೂಸಿಯಂ ಕೆಲಸದವರ ನಡುವೆ ಬರುತ್ತದೆ.

ಹಳೆಯ ಊರುಗಳಲ್ಲಿ ನಮಗೆ ಇನ್ನೂ ಒಂದು ಅನುಕೂಲ ಇದೆ. ಇವತ್ತಿನ ಯಾವ ತಲೆನೋವು ತೆಗೆದುಕೊಂಡರೂ ಅದಕ್ಕೊಂದು ಹಳೇ ಬೇರು ಸಿಗುತ್ತದೆ. ನೀರು ಬರುತ್ತಿಲ್ಲವಾ? ಮುನ್ನೂರು ವರ್ಷದ ಹಿಂದೆ ಇದೇ ಊರಿಗೆ ನೀರು ಎಲ್ಲಿಂದ ಬರುತ್ತಿತ್ತು, ಬಾವಿಗಳು ಎಲ್ಲಿದ್ದವು, ಯಾರು ಮುಟ್ಟಬಹುದಿತ್ತು, ಯಾರು ಮುಟ್ಟಬಾರದಿತ್ತು. ಬೀದಿ ಇಕ್ಕಟ್ಟಾ? ಗಾಡಿ ಓಡುತ್ತಿದ್ದ ಕಾಲದ ಅಗಲ ಅದು. ಬಾಡಿಗೆ ಏರಿದೆಯಾ? ಈ ಮನೆಗಳಲ್ಲಿ ಮೊದಲು ಯಾರಿದ್ದರು, ಅವರೆಲ್ಲ ಎಲ್ಲಿ ಹೋದರು. ಹೀಗೆ ಇವತ್ತಿನ ಪ್ರಶ್ನೆ ಹಿಡಿದು ಹಿಂದಕ್ಕೆ ಹೋಗಿ. "ಕ್ರಿಸ್ತಪೂರ್ವದಲ್ಲಿ..." ಅಂತ ಶುರು ಮಾಡಿ ಇವತ್ತಿಗೆ ಬರುವಷ್ಟರಲ್ಲಿ ನೋಡುವವರ ಕಾಲು ಸೋತಿರುತ್ತದೆ.

ಮೊದಲ ಸಲ ಮಾಡುವಾಗ ಸಣ್ಣದಾಗಿ ಮಾಡಿ. ಒಂದು ಕೋಣೆ, ಒಂದು ಪ್ರಶ್ನೆ, ಎಂಟು ಹತ್ತು ವಸ್ತು, ಮೂರು ತಿಂಗಳು. ಮೂರು ತಿಂಗಳಾದ ಮೇಲೆ ಖಂಡಿತ ತೆಗೆಯಿರಿ. ಬದಲಾಗದ ಕೋಣೆಗೆ ಎರಡನೇ ಸಲ ಬರುವವರು ಯಾರು?

ಹೆಸರಿಲ್ಲದ ಫೋಟೋಗಳ ಗೋಡೆ

ಖರ್ಚಿಲ್ಲದೆ ಆಗುವ, ನಾನು ಎಲ್ಲರಿಗೂ ಮೊದಲು ಹೇಳುವ ಕೆಲಸ ಇದು. ಪ್ರತಿ ಮ್ಯೂಸಿಯಂನಲ್ಲೂ ಯಾರದು, ಎಲ್ಲಿಯದು ಅಂತ ಗೊತ್ತಿಲ್ಲದ ಫೋಟೋಗಳ ಒಂದು ಕಟ್ಟು ಇದ್ದೇ ಇರುತ್ತದೆ. ನಾವು ನಾಚಿಕೆಪಟ್ಟು ಅದನ್ನು ಒಳಗಿಟ್ಟಿರುತ್ತೇವೆ. ಹೊರಗೆ ತನ್ನಿ. ದೊಡ್ಡದಾಗಿ ಪ್ರಿಂಟ್ ತೆಗೆಸಿ ಗೋಡೆಗೆ ಹಚ್ಚಿ, ಪಕ್ಕದಲ್ಲಿ ಖಾಲಿ ಚೀಟಿ ಮತ್ತು ಪೆನ್ಸಿಲ್ ನೇತುಹಾಕಿ. ಮೇಲೆ ಒಂದೇ ಸಾಲು: "ಇದು ಯಾರು, ಎಲ್ಲಿ? ನಮಗೆ ಗೊತ್ತಿಲ್ಲ. ನಿಮಗೆ ಗೊತ್ತಾ?" ಮೂಲ ಪ್ರತಿಯನ್ನು ಮಾತ್ರ ಹಚ್ಚಬೇಡಿ, ನಕಲು ಸಾಕು.

ಆಮೇಲೆ ನೋಡಿ ಮಜಾ. ಒಬ್ಬರು ಬಂದು "ಇದು ನಮ್ಮ ಅಜ್ಜಿಯ ತಮ್ಮ" ಅಂತ ಬರೆಯುತ್ತಾರೆ. ಮರುದಿನ ಇನ್ನೊಬ್ಬರು ಬಂದು ಅದರ ಕೆಳಗೆ "ಅಲ್ಲ" ಅಂತ ಬರೆಯುತ್ತಾರೆ. ಮೊದಲನೆಯವರು ಇದನ್ನು ಕೇಳಿ, ಮನೆಯ ಆಲ್ಬಮ್ ಹಿಡಿದು ವಾಪಸ್ ಬರುತ್ತಾರೆ. ಎರಡನೇ ಸಲ ಬಂದರು ಅಲ್ವಾ? ಅದೂ ಕೈಯಲ್ಲಿ ಆಲ್ಬಮ್ ಹಿಡಿದುಕೊಂಡು. ಹಿಂದೆ ನಿಂತ ಅಂಗಡಿಯ ಬೋರ್ಡು, ಕಡಿದುಹೋದ ಮರ, ಸೈಕಲ್ಲಿನ ಮಾದರಿ ನೋಡಿ ವರ್ಷ ಹೇಳುವವರು ಸಿಗುತ್ತಾರೆ. ನಿಮ್ಮ ದಾಖಲೆ ಪುಸ್ತಕ ತುಂಬುತ್ತದೆ. ಮುಖ್ಯವಾಗಿ, ಇಲ್ಲಿ ತಿಳಿದವರು ಅವರು, ತಿಳಿಯದವರು ನಾವು ಅನ್ನುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ತಿದ್ದಿದವರ ಹೆಸರನ್ನು, ಅವರು ಒಪ್ಪಿದರೆ, ಫೋಟೋ ಕೆಳಗೆ ಹಾಕಿ.

ವಸ್ತು ತೆಗೆದುಕೊಳ್ಳುವಾಗ ಕಥೆಯನ್ನೂ ತೆಗೆದುಕೊಳ್ಳಿ

ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಸಣ್ಣ ಮ್ಯೂಸಿಯಂಗಳು ಹೆಚ್ಚು ಎಡವುವುದು ಇಲ್ಲೇ.

ಜನ ಮನೆ ಖಾಲಿ ಮಾಡುವಾಗ, ಹಿರಿಯರು ತೀರಿಕೊಂಡಾಗ, ಒಂದು ಪೆಟ್ಟಿಗೆ ತಂದು ಬಾಗಿಲಲ್ಲಿ ಇಡುತ್ತಾರೆ. ನಾವು ಧನ್ಯವಾದ ಹೇಳಿ ಒಳಗಿಡುತ್ತೇವೆ. ಐದು ವರ್ಷವಾದ ಮೇಲೆ ಅದು ಯಾರದು ಅಂತ ಯಾರಿಗೂ ಗೊತ್ತಿಲ್ಲ. ಕಥೆ ಇಲ್ಲದ ಹಳೇ ಹಿತ್ತಾಳೆ ಪಾತ್ರೆ ಬರೀ ಹಳೇ ಹಿತ್ತಾಳೆ ಪಾತ್ರೆ. ಕ್ರೊಯೇಷಿಯಾದ ಜಾಗ್ರೆಬ್‌ನ ಹಳೇ ಊರಿನಲ್ಲಿ 2010ರಿಂದ ಮುರಿದ ಸಂಬಂಧಗಳ ಮ್ಯೂಸಿಯಂ ಅಂತ ಒಂದಿದೆ. ಪ್ರೀತಿ ಮುರಿದುಬಿದ್ದವರು ಕೊಟ್ಟ ವಸ್ತುಗಳು, ಪ್ರತಿಯೊಂದರ ಜೊತೆ ಕೊಟ್ಟವರೇ ಬರೆದ ನಾಲ್ಕು ಸಾಲು. ಅಲ್ಲಿ ಒಂದು ಕೊಡಲಿ ಇದೆ. ಪೇಟೆಯಲ್ಲಿ ಸಿಗುವಂಥ ಮಾಮೂಲಿ ಕೊಡಲಿಯೇ. ಬಿಟ್ಟುಹೋದ ಸಂಗಾತಿಯ ಮೇಜು ಕುರ್ಚಿಗಳನ್ನು ದಿನಕ್ಕೊಂದರಂತೆ ಕಡಿದ ಕೊಡಲಿ ಅದು ಅಂತ ಓದಿದ ಮೇಲೆ ಅದರ ಮುಂದಿನಿಂದ ಕಾಲು ಕೀಳುವುದು ಕಷ್ಟ. ನಮ್ಮ ದೇಶದಲ್ಲೇ ಜೋಧಪುರದ ಹತ್ತಿರ, ಜಾನಪದ ವಿದ್ವಾಂಸ ಕೋಮಲ್ ಕೊಠಾರಿ ಕಟ್ಟಿದ ಅರ್ನಾ ಝರ್ನಾ ಮ್ಯೂಸಿಯಂ ಪೊರಕೆಗಳನ್ನು ಇಟ್ಟು ಹೆಸರು ಮಾಡಿತು. ಪೊರಕೆ! ಯಾವ ಹುಲ್ಲು, ಯಾವ ನೆಲ, ಯಾರು ಕಟ್ಟುತ್ತಾರೆ, ಯಾವ ಪೊರಕೆ ಮನೆಯೊಳಗೆ, ಯಾವುದು ಹೊರಗೆ ಅಂತ ಕೇಳುತ್ತ ಹೋದರೆ ಇಡೀ ಮರುಭೂಮಿಯ ಬದುಕೇ ಅದರಲ್ಲಿ ಬಿಚ್ಚಿಕೊಳ್ಳುತ್ತದೆ.

ಹಾಗಾಗಿ ಕೊಡಲು ಬಂದವರನ್ನು ಕೂರಿಸಿ, ಅರ್ಧ ಗಂಟೆ ಮಾತಾಡಿಸಿ. ಇದನ್ನು ಯಾರು ಬಳಸುತ್ತಿದ್ದರು? ಮನೆಯಲ್ಲಿ ಎಲ್ಲಿ ಇರುತ್ತಿತ್ತು? ಯಾವಾಗ ನಿಂತುಹೋಯಿತು? ಯಾಕೆ ಇಷ್ಟು ವರ್ಷ ಎಸೆಯಲಿಲ್ಲ? ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ, ಒಳ್ಳೆಯ ಉತ್ತರಗಳೆಲ್ಲ ಅದಕ್ಕೇ ಬರುತ್ತವೆ. ಅವರ ಮಾತಿನಲ್ಲೇ ಬರೆದುಕೊಳ್ಳಿ. ಆಮೇಲೆ ಒಂದು ಪುಟದ ಕಾಗದ: ಇದು ದಾನವೋ, ಇಷ್ಟು ದಿನಕ್ಕೆ ಅಂತ ಕೊಟ್ಟಿದ್ದೋ, ಫೋಟೋ ತೆಗೆದು ಆನ್‌ಲೈನ್ ಹಾಕಬಹುದೋ, ಹೆಸರು ಹೇಳಬಹುದೋ. ಇಬ್ಬರೂ ಸಹಿ ಮಾಡಿ, ಇಬ್ಬರ ಹತ್ತಿರವೂ ಒಂದೊಂದು ಪ್ರತಿ ಇರಲಿ. "ನಮ್ಮ ಊರಿನವರೇ, ಕಾಗದ ಯಾಕೆ" ಅನ್ನಬೇಡಿ. ಇವತ್ತು ಕೊಟ್ಟ ಅಣ್ಣ ಒಪ್ಪಿರುತ್ತಾರೆ, ನಾಳೆ ತಂಗಿ ಬಂದು "ಅದು ನನಗೆ ಬರಬೇಕಿತ್ತು" ಅಂದರೆ ನಿಮ್ಮ ಹತ್ತಿರ ಏನಿದೆ?

ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಬೇಕು. ಸರಳವಾದದ್ದು ಸಾಕು: 2025.14.3 ಅಂದರೆ 2025ನೇ ವರ್ಷದ 14ನೇ ದಾನದಲ್ಲಿ ಬಂದ ಮೂರನೇ ವಸ್ತು. ಇದನ್ನು ವಸ್ತುವಿನ ಮೇಲೂ ದಾಖಲೆಯಲ್ಲೂ ಬರೆಯಿರಿ. ಕಾಗದ ಮತ್ತು ಫೋಟೋ ಆದರೆ ಹಿಂಬದಿಯ ಮೂಲೆಯಲ್ಲಿ ಮೆತ್ತನೆ ಪೆನ್ಸಿಲ್‌ನಲ್ಲಿ, ಒತ್ತದೆ. ಬಟ್ಟೆಯಾದರೆ ಹತ್ತಿಯ ಪಟ್ಟಿಯ ಮೇಲೆ ಬರೆದು ಎರಡು ಹೊಲಿಗೆ ಹಾಕಿ. ಮರ, ಲೋಹದಂಥವಕ್ಕೆ ಪ್ಯಾರಲಾಯ್ಡ್ ಬಿ-72 ಅನ್ನುವ ಪಾರದರ್ಶಕ ಲೇಪನ ಒಂದು ಪದರ ಹಚ್ಚಿ, ಅದು ಒಣಗಿದ ಮೇಲೆ ಶಾಯಿಯಲ್ಲಿ ಸಂಖ್ಯೆ ಬರೆದು, ಮೇಲೆ ಇನ್ನೊಂದು ಪದರ ಹಚ್ಚುತ್ತಾರೆ. ಬೇಕಾದಾಗ ತೆಗೆಯಬಹುದು ಅನ್ನುವುದೇ ಅದರ ಗುಣ. ಬಾಲ್‌ಪೆನ್ ಬೇಡ, ಸೆಲೋಟೇಪ್ ಬೇಡ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಶುರುವಿನ ದಿನಗಳಲ್ಲಿ ಉತ್ಸಾಹದಿಂದ ಒಂದು ಹಳೇ ಪತ್ರವನ್ನು ನಾನೇ ಲ್ಯಾಮಿನೇಟ್ ಮಾಡಿಸಿಬಿಟ್ಟಿದ್ದೆ, "ಭದ್ರವಾಗಿರುತ್ತೆ" ಅಂತ. ಬಿಸಿಗೆ ಕಾಗದ ಪ್ಲಾಸ್ಟಿಕ್‌ಗೆ ಅಂಟಿ ಒಂದಾಯಿತು. ಇನ್ನು ಬಿಡಿಸುವ ಮಾತೇ ಇಲ್ಲ. ಕೊಟ್ಟವರ ಮುಂದೆ ಅದನ್ನು ಹೇಳುವಾಗ ಮುಖ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ.

ಬೆಳಕು, ತೇವ, ಹುಳ. ಈ ಮೂರನ್ನು ತಡೆದರೆ ಮುಕ್ಕಾಲು ಕೆಲಸ ಆಯಿತು. ಬಟ್ಟೆ, ಕಾಗದ, ಬಣ್ಣದ ಫೋಟೋಗಳಿಗೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳಬಾರದು. ಮಾಸಿದ ಬಣ್ಣ ವಾಪಸ್ ಬರುವುದಿಲ್ಲ. ಗಾಳಿಯ ತೇವಾಂಶ ಶೇಕಡಾ 65 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುತ್ತದೆ. ಹುಳ ಬಿದ್ದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟರೆ ಹುಳವೂ ಮೊಟ್ಟೆಯೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಚೀಲವನ್ನು ತಕ್ಷಣ ಬಿಚ್ಚದೆ ಒಂದು ದಿನ ಹಾಗೇ ಬಿಡಿ, ಇಲ್ಲದಿದ್ದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ. ಸ್ಟೋರ್ ರೂಮ್ ಆಗಲೇ ಕೈಮೀರಿ ತುಂಬಿದ್ದರೆ, ಹಳೇ ವಸ್ತು, ಕಟ್ಟಡಗಳ ರಕ್ಷಣೆಗಾಗಿ ರೋಮ್‌ನಲ್ಲಿರುವ ಅಂತರರಾಷ್ಟ್ರೀಯ ಸಂಸ್ಥೆ ಇಕ್ರೋಮ್ ಸಣ್ಣ ಮ್ಯೂಸಿಯಂಗಳಿಗಾಗಿಯೇ ರೂಪಿಸಿದ, ಸ್ಟೋರ್ ರೂಮ್ ಮತ್ತೆ ಜೋಡಿಸುವ ರೀ-ಆರ್ಗ್ ಅನ್ನುವ ವಿಧಾನ ಇದೆ, ಅದನ್ನು ನೋಡಿ.

ಬೇಡ ಅನ್ನುವುದನ್ನೂ ಕಲಿಯಬೇಕು. ಇಂಗ್ಲೆಂಡಿನ ಬೀಮಿಶ್ ಮ್ಯೂಸಿಯಂ ಕಟ್ಟಿದ ಫ್ರಾಂಕ್ ಅಟ್ಕಿನ್ಸನ್, ಜನ ಏನು ಕೊಟ್ಟರೂ ಆರಿಸದೆ ತೆಗೆದುಕೊಳ್ಳುವುದು ಅನ್ನುವ ನಿಯಮ ಇಟ್ಟುಕೊಂಡಿದ್ದರು. ಗಣಿಗಾರರ, ಕೂಲಿಗಳ ಮನೆಯ ಸಾಮಾನು ಉಳಿದಿದ್ದು ಅದರಿಂದಲೇ. ಆದರೆ ಅವರಿಗೆ ಹಳೇ ಸೇನಾ ಶಿಬಿರದ ಶೆಡ್‌ಗಳು ಇದ್ದವು. ನಿಮಗೆ ಇರುವುದು ಮೆಟ್ಟಿಲ ಕೆಳಗಿನ ಜಾಗ. ಹನ್ನೆರಡನೇ ಹೊಲಿಗೆ ಯಂತ್ರ ಬಂದಾಗ, ಯಂತ್ರ ಬೇಡ, ಅದರ ಕಥೆ ಮತ್ತು ಒಂದು ಫೋಟೋ ಕೊಡಿ ಅಂತ ಹೇಳಿ. ಹೆಚ್ಚಿನವರು ಖುಷಿಯಾಗಿಯೇ ಕೊಡುತ್ತಾರೆ.

ಹಿರಿಯರ ಮಾತು

ಇದಕ್ಕೆ ಮುಹೂರ್ತ ನೋಡುತ್ತ ಕೂರಬೇಡಿ. ಯಾರ ಮಾತು ರೆಕಾರ್ಡ್ ಮಾಡಬೇಕು ಅಂತ ಪಟ್ಟಿ ಮಾಡಿದಾಗ ವಯಸ್ಸು ಜಾಸ್ತಿ ಇರುವವರಿಂದ ಶುರು ಮಾಡಿ, ಊರಿನಲ್ಲಿ ದೊಡ್ಡ ಹೆಸರಿರುವವರಿಂದ ಅಲ್ಲ. ಫೋನ್ ಸಾಕು, ಆದರೆ ಬಾಯಿಗೆ ಹತ್ತಿರ ಇಡುವ ಒಂದು ಸಣ್ಣ ಮೈಕ್ ಇದ್ದರೆ ಕಿವಿಗೆ ಸುಖ. ಆಗುವುದಾದರೆ ದನಿಯನ್ನು ಕುಗ್ಗಿಸಿ ಇಡುವ ಎಂಪಿ3 ಬದಲು, ಕುಗ್ಗಿಸದೆ ಇಡುವ ವೇವ್ (WAV) ಫೈಲ್ ಇರಲಿ. ಫ್ಯಾನ್ ಆರಿಸಿ, ಟಿವಿ ಆರಿಸಿ. ಒಪ್ಪಿಗೆ ಮೊದಲೇ ಕೇಳಿ, ಮುಗಿದ ಮೇಲೆ ಇನ್ನೊಮ್ಮೆ ಕೇಳಿ. ಮಾತಿನ ಭರದಲ್ಲಿ ಹೇಳಿಬಿಟ್ಟ ಮನೆಯ ಗುಟ್ಟನ್ನು ತೆಗೆಯಿರಿ ಅಂದರೆ ತೆಗೆಯಬೇಕು. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ, ಹತ್ತು ಸೆಕೆಂಡ್ ಕಾಯಿರಿ. ಆಡಬೇಕಾದ ಮಾತು ಅದರ ನಂತರವೇ ಬರುತ್ತದೆ. ಫೈಲ್‌ನ ಮೂರು ಪ್ರತಿ ಮಾಡಿ, ಒಂದು ಬೇರೆ ಕಟ್ಟಡದಲ್ಲಿರಲಿ. ಒಂದು ಪ್ರತಿ ಅವರ ಮನೆಯವರಿಗೂ ಕೊಡಿ. ಇದನ್ನು ಮರೆಯುವವರೇ ಜಾಸ್ತಿ.

ಊರು ನೆನೆಯಲು ಇಷ್ಟಪಡದ ಕಥೆ

ಪ್ರತಿ ಹಳೇ ಊರಿನಲ್ಲೂ ಇಂಥದ್ದೊಂದು ಇರುತ್ತದೆ. ಅರಮನೆ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿದೆ, ಕಲ್ಲು ಹೊತ್ತವರ ಹೆಸರು ಎಲ್ಲೂ ಇಲ್ಲ. ಒಂದು ಬೀದಿಯವರನ್ನು ಎಬ್ಬಿಸಿ ಕಳಿಸಿದ್ದು, ಒಂದು ಗಲಾಟೆ, ಒಂದು ಸಾಂಕ್ರಾಮಿಕ ರೋಗ, ಯಾರೂ ಮಾತೆತ್ತದ ಒಂದು ಮನೆ. ಇದನ್ನು ಮುಟ್ಟದೆ ಬರೀ ವೈಭವ ತೋರಿಸುವ ಮ್ಯೂಸಿಯಂಗೆ ಅರ್ಧ ಊರು ಬರುವುದಿಲ್ಲ. ಬಾರದಿರುವುದಕ್ಕೆ ಕಾರಣವನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ.

ಕೇಪ್‌ಟೌನ್‌ನ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂ ಇದನ್ನು ಮಾಡಿದ ರೀತಿ ನೋಡಿ. 1966ರಲ್ಲಿ ಅಲ್ಲಿನ ವರ್ಣಭೇದ ಸರ್ಕಾರ ಆ ಬಡಾವಣೆಯನ್ನು ಬಿಳಿಯರಿಗೆ ಮಾತ್ರ ಅಂತ ಘೋಷಿಸಿತು. ಮುಂದಿನ ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ಊರಾಚೆಗೆ ಹಾಕಿ, ಮನೆಗಳನ್ನು ಬುಲ್ಡೋಜರ್‌ನಿಂದ ನೆಲಸಮ ಮಾಡಿದರು. 1994ರಲ್ಲಿ ಅಲ್ಲೇ ಉಳಿದಿದ್ದ ಹಳೇ ಚರ್ಚ್‌ನಲ್ಲಿ ಮ್ಯೂಸಿಯಂ ತೆರೆಯಿತು. ನೆಲದ ಮೇಲೆ ಇಡೀ ಬಡಾವಣೆಯ ದೊಡ್ಡ ನಕಾಶೆ. ಹಳೇ ನಿವಾಸಿಗಳು ಬಂದು ತಮ್ಮ ಮನೆ ಇದ್ದ ಜಾಗ ಹುಡುಕಿ, ಅಲ್ಲಿ ತಮ್ಮ ಹೆಸರನ್ನು ತಾವೇ ಬರೆದರು. ಒಂದು ಉದ್ದನೆ ಬಟ್ಟೆಯ ಮೇಲೆ ನೆನಪುಗಳನ್ನು ಬರೆದರು, ಆಮೇಲೆ ಅದಕ್ಕೆ ಕಸೂತಿ ಹಾಕಲಾಯಿತು. ಬೀದಿಯ ಹಳೇ ನಾಮಫಲಕಗಳು ಸಾಲಾಗಿ ನೇತಾಡುತ್ತವೆ. ಇವನ್ನು ಉಳಿಸಿದ್ದು ಯಾರು ಗೊತ್ತಾ? ಮನೆ ಕೆಡವುವ ತಂಡದಲ್ಲಿದ್ದ ಒಬ್ಬ ಮೇಸ್ತ್ರಿ. ಕೆಡವಿದ ಅವಶೇಷದ ಜೊತೆ ಎಸೆಯುವ ಬದಲು 70ಕ್ಕೂ ಹೆಚ್ಚು ಫಲಕಗಳನ್ನು ವರ್ಷಗಟ್ಟಲೆ ಬಚ್ಚಿಟ್ಟುಕೊಂಡಿದ್ದವರು.

ನೀವು ಮಾಡುವಾಗ ಒಂದು ನಿಯಮ ಇಟ್ಟುಕೊಳ್ಳಿ: ನೊಂದವರ ಕಥೆಯನ್ನು ಅವರಿಲ್ಲದೆ ಬರೆಯಬೇಡಿ. ಗೋಡೆಗೆ ಹಾಕುವ ಮೊದಲು ಅವರಿಗೆ ಓದಿ ಹೇಳಿ. ಅವರು ಬೇಡ ಅಂದ ಸಾಲು ಎಷ್ಟು ಚೆನ್ನಾಗಿದ್ದರೂ ಹೋಗಲಿ. ಜಗಳ ಬರುತ್ತದೆ ಅನ್ನುವ ಹೆದರಿಕೆ ಇದ್ದರೆ, ಎರಡೂ ಕಡೆಯವರ ಮಾತನ್ನು ಅವರವರ ಬಾಯಲ್ಲೇ ಅಕ್ಕಪಕ್ಕ ಇಡಿ. ಆದರೆ ನಡೆದದ್ದನ್ನು "ನಡೆಯಿತೋ ಇಲ್ಲವೋ" ಅನ್ನುವ ಹಾಗೆ ತೇಲಿಸಬೇಡಿ. ಮನೆ ಕಳೆದುಕೊಂಡವರಿಗೆ ಅದೂ ಗೊತ್ತಾಗುತ್ತದೆ.

ಪ್ರವಾಸಿಗರು ಮತ್ತು ನಾವು

ಹಳೇ ಊರಿನಲ್ಲಿ ದುಡ್ಡು ಬರುವುದು ಪ್ರವಾಸಿಗರಿಂದ, ಇದನ್ನು ಅಲ್ಲಗಳೆದು ಪ್ರಯೋಜನವಿಲ್ಲ. ಆದರೆ ವೆನಿಸ್ ನೋಡಿ. 1950ರ ದಶಕದ ಶುರುವಿನಲ್ಲಿ ಅದರ ಹಳೇ ಊರಿನಲ್ಲಿ ಸುಮಾರು 1,75,000 ಜನ ಇದ್ದರು; 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಕಟ್ಟಡಗಳೆಲ್ಲ ಇವೆ, ಬೆಳಿಗ್ಗೆ ಕಿಟಕಿ ತೆರೆಯುವವರು ಕಡಿಮೆ. ಇದನ್ನು ತಡೆಯುವ ಶಕ್ತಿ ಯಾವ ಮ್ಯೂಸಿಯಂಗೂ ಇಲ್ಲ. ಆದರೆ ಅದಕ್ಕೆ ತಾನೂ ಒಂದು ಕೈ ಜೋಡಿಸದೆ ಇರಬಹುದು.

ವಾರದಲ್ಲಿ ಒಂದು ಸಂಜೆ, ಪ್ರವಾಸಿ ಬಸ್ಸುಗಳೆಲ್ಲ ಹೋದ ಮೇಲೆ, ಊರಿನವರಿಗಾಗಿ ತೆರೆದಿಡಿ. ಅಂಗಳ ಇದ್ದರೆ ಬಿಟ್ಟುಕೊಡಿ, ಮಕ್ಕಳು ಹೋಂವರ್ಕ್ ಮಾಡಲಿ, ಹಾಡು ಕಲಿಯುವವರು ಹಾಡಲಿ. ಒಂದು ಮೇಜು, ಹತ್ತು ಕುರ್ಚಿ, ಕುಡಿಯಲು ನೀರು, ಎಲ್ಲರೂ ಬಳಸಬಹುದಾದ ಶೌಚಾಲಯ. ನಗಬೇಡಿ, ಬೀದಿಯ ಜನ ಮ್ಯೂಸಿಯಂಗೆ ಮೊದಲು ಬರುವುದು ಶೌಚಾಲಯಕ್ಕೇ ಇರಬಹುದು. ಬರಲಿ.

ಗೋಡೆ ಬರಹ ಊರಿನ ಭಾಷೆಯಲ್ಲಿ ಮೊದಲು, ಬೇರೆ ಭಾಷೆ ಆಮೇಲೆ. ಒಂದು ಫಲಕಕ್ಕೆ 50 ಪದ ಸಾಕು. ನಿಂತುಕೊಂಡು ಯಾರೂ ಪುಸ್ತಕ ಓದುವುದಿಲ್ಲ. ಬರೆದಾದ ಮೇಲೆ ಹನ್ನೆರಡು ವರ್ಷದ ಮಗುವಿಗೆ ಜೋರಾಗಿ ಓದಲು ಹೇಳಿ, ತಡವರಿಸಿದ ಕಡೆಯೆಲ್ಲ ಬದಲಾಯಿಸಿ. "ಕಲಾತ್ಮಕ ಕುಸುರಿಯಿಂದ ಕಂಗೊಳಿಸುವ" ಅನ್ನುವಂಥದ್ದು ಇದ್ದರೆ ಮಗು ಹೇಳುವ ಮೊದಲೇ ಹೊಡೆದುಹಾಕಿ.

ಬಾಗಿಲು ದಾಟಿ ಹೊರಗೆ

ಎಲ್ಲರೂ ಒಳಗೆ ಬರಲು ಆಗುವುದಿಲ್ಲ. ಗ್ಲಾಸ್ಗೋದ ಓಪನ್ ಮ್ಯೂಸಿಯಂ 1990ರಿಂದ ಇದಕ್ಕೆ ಸರಳ ಉತ್ತರ ಕಂಡುಕೊಂಡಿದೆ: ವಸ್ತುಗಳನ್ನೇ ಜನರ ಹತ್ತಿರ ಒಯ್ಯುವುದು. ಲಿವರ್‌ಪೂಲ್‌ನ ಮ್ಯೂಸಿಯಂಗಳು 2012ರಲ್ಲಿ ಮರೆವಿನ ಕಾಯಿಲೆ ಇರುವವರಿಗಾಗಿ ಹೌಸ್ ಆಫ್ ಮೆಮೊರೀಸ್ ಅನ್ನುವ ಕಾರ್ಯಕ್ರಮ ಶುರು ಮಾಡಿದವು. ಹಳೇ ಕಾಲದ ದಿನಬಳಕೆಯ ವಸ್ತುಗಳನ್ನು ತುಂಬಿದ ಸೂಟ್‌ಕೇಸ್ ಅವರಿರುವ ಕಡೆಗೇ ಹೋಗುತ್ತದೆ. ನಿನ್ನೆ ಏನು ತಿಂದೆ ಅಂತ ನೆನಪಿಲ್ಲದವರ ಕೈಗೂ ಹಳೇ ರೇಡಿಯೋ ಕೊಟ್ಟರೆ ಗುಂಡಿ ತಿರುಗಿಸುವುದು ಕೈಗೆ ನೆನಪಿರುತ್ತದೆ. ಇಂಥ ಪೆಟ್ಟಿಗೆಯನ್ನು ನೀವೂ ಮಾಡಬಹುದು, ದೊಡ್ಡ ಖರ್ಚಿಲ್ಲ. ಒಂದಕ್ಕಿಂತ ಹೆಚ್ಚು ಇರುವ, ಕೆಳಗೆ ಬಿದ್ದರೂ ಎದೆ ಒಡೆಯದಂಥ ವಸ್ತುಗಳನ್ನು ಮಾತ್ರ ಅದಕ್ಕೆ ಹಾಕಿ. ಮಾಂಟ್ರಿಯಲ್‌ನಲ್ಲಿ 2018ರಿಂದ ವೈದ್ಯರು ರೋಗಿಗಳಿಗೆ ಮ್ಯೂಸಿಯಂ ಭೇಟಿಯನ್ನೇ ಚೀಟಿಯಲ್ಲಿ ಬರೆದುಕೊಡಲು ಶುರು ಮಾಡಿದರು. ನಿಮ್ಮ ಊರಿನ ವೈದ್ಯರೊಬ್ಬರನ್ನು ಮಾತಾಡಿಸಿ ನೋಡಿ, ಒಂಟಿಯಾಗಿರುವವರು ಯಾರು ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇನ್ನೂ ಮುಂದೆ ಹೋಗುವವರೂ ಇದ್ದಾರೆ. 1970ರ ದಶಕದಲ್ಲಿ ಫ್ರಾನ್ಸ್‌ನ ಲೆ ಕ್ರೂಸೋ ಅನ್ನುವ ಕಬ್ಬಿಣದ ಕಾರ್ಖಾನೆ ಊರಿನಲ್ಲಿ, ಮ್ಯೂಸಿಯಂ ಅಂದರೆ ಕಟ್ಟಡವಲ್ಲ, ಇಡೀ ಊರೇ ಮ್ಯೂಸಿಯಂ ಅಂದರು. ಇದಕ್ಕೆ ಇಕೋಮ್ಯೂಸಿಯಂ ಅಂತ ಹೆಸರು. ಆ ಪದವನ್ನು 1971ರಲ್ಲಿ ಹುಟ್ಟಿಸಿದ್ದು ಹ್ಯೂಗ್ ದ ವರೀನ್. ಜನರ ಮನೆಯಲ್ಲಿರುವ ವಸ್ತು ಅವರ ಮನೆಯಲ್ಲೇ ಇರಲಿ, ಆದರೆ ಅದೂ ಮ್ಯೂಸಿಯಂನ ಲೆಕ್ಕಕ್ಕೆ ಸೇರಿದ್ದು ಅನ್ನುವ ಯೋಚನೆ. ಜಾಗ ಇಲ್ಲದವರಿಗೆ ಇದು ವರವೇ ಸರಿ. ಒಂದು ಬೀದಿಯಲ್ಲಿ ಐದು ಮನೆಯವರನ್ನು ಒಪ್ಪಿಸಿ, ತಿಂಗಳಿಗೊಂದು ಭಾನುವಾರ ಅವರ ಜಗುಲಿಯಲ್ಲೇ ಅವರ ವಸ್ತು, ಅವರದೇ ಮಾತು. ನೀವು ಜನರನ್ನು ನಡೆಸಿಕೊಂಡು ಹೋಗಿ, ಅಲ್ಲಿ ಬಾಯಿ ಮುಚ್ಚಿಕೊಂಡಿರಿ ಅಷ್ಟೇ.

ಕೀಲಿಕೈ ಯಾರ ಕೈಯಲ್ಲಿ?

2022ರ ಆಗಸ್ಟ್‌ನಲ್ಲಿ ಪ್ರಾಗ್‌ನಲ್ಲಿ ಸೇರಿದ ಮ್ಯೂಸಿಯಂಗಳ ಅಂತರರಾಷ್ಟ್ರೀಯ ಮಂಡಳಿ, ಅಂದರೆ ಐಕಾಮ್, ಮ್ಯೂಸಿಯಂ ಅಂದರೆ ಏನು ಅನ್ನುವ ವಿವರಣೆಯನ್ನು ಬದಲಾಯಿಸಿತು. ಸಮುದಾಯಗಳ ಪಾಲ್ಗೊಳ್ಳುವಿಕೆ ಅನ್ನುವ ಮಾತು ಅದರೊಳಗೆ ಸೇರಿತು. ಕಾಗದದ ಮೇಲೆ ಸೇರಿದರೆ ಆಗಲಿಲ್ಲ. ನಿಮ್ಮ ಸಮಿತಿಯ ಪಟ್ಟಿ ತೆಗೆದು ನೋಡಿ. ಎಲ್ಲರೂ ಒಂದೇ ಬೀದಿಯವರಾ, ಒಂದೇ ವಯಸ್ಸಿನವರಾ? ಹಾಗಿದ್ದರೆ ಎರಡು ಕುರ್ಚಿ ಖಾಲಿ ಮಾಡಿಸಿ. ಒಂದು ಇಪ್ಪತ್ತೈದು ದಾಟದವರಿಗೆ, ಇನ್ನೊಂದು ಇದುವರೆಗೆ ಮ್ಯೂಸಿಯಂಗೆ ಬಾರದ ಬೀದಿಯವರಿಗೆ. ಅವರಿಗೆ ಸುಮ್ನೆ ಅಭಿಪ್ರಾಯ ಕೇಳುವುದಲ್ಲ, ಒಂದು ಕೋಣೆ ಮತ್ತು ಅದರ ಖರ್ಚಿನ ದುಡ್ಡು ಕೊಟ್ಟು ನೀವೇ ಮಾಡಿ ಅನ್ನಿ. ಇಂಗ್ಲೆಂಡಿನ ಡರ್ಬಿಯಲ್ಲಿ ಹಳೇ ರೇಷ್ಮೆ ಗಿರಣಿಯನ್ನು 2021ರಲ್ಲಿ ಮ್ಯೂಸಿಯಂ ಆಫ್ ಮೇಕಿಂಗ್ ಅಂತ ತೆರೆದಾಗ ಅದರ ವಿನ್ಯಾಸದಲ್ಲಿ, ಕಟ್ಟುವ ಕೆಲಸದಲ್ಲಿ ಊರಿನವರೇ ಕೈಹಚ್ಚಿದ್ದರು. ತಾನು ಉಜ್ಜಿ ನುಣುಪು ಮಾಡಿದ ಮರದ ಹಲಗೆ ತೋರಿಸಲು ಮೊಮ್ಮಗನನ್ನು ಕರೆದುಕೊಂಡು ಬರದೆ ಇರುವವರು ಯಾರು ಹೇಳಿ.

ತಪ್ಪು ಮಾಡುತ್ತಾರೆ. ಮಾಡಲಿ, ನಾವೇನು ಕಡಿಮೆ ಮಾಡಿದ್ದೇವಾ, ನನ್ನ ಲ್ಯಾಮಿನೇಟ್ ಪತ್ರ ಕೇಳಿದಿರಲ್ಲ. ವಸ್ತುವನ್ನು ಮುಟ್ಟುವುದು ಹೇಗೆ, ಎತ್ತುವುದು ಹೇಗೆ ಅಂತ ಒಂದು ಮಧ್ಯಾಹ್ನ ಹೇಳಿಕೊಟ್ಟರೆ ಸಾಕು.

ಇನ್ನು ಲೆಕ್ಕ. ಮೇಲಿನವರಿಗೆ ವರದಿ ಕೊಡಬೇಕು, ದುಡ್ಡು ಕೊಟ್ಟವರು ಎಷ್ಟು ಜನ ಬಂದರು ಅಂತ ಕೇಳುತ್ತಾರೆ, ಆ ಸಂಖ್ಯೆ ಕೊಡಿ. ನಿಮಗಾಗಿ ಬೇರೆ ಒಂದು ಪುಸ್ತಕ ಇಟ್ಟುಕೊಳ್ಳಿ. ಅದರಲ್ಲಿ ಎರಡನೇ ಸಲ ಬಂದ ಊರಿನವರು ಎಷ್ಟು, ಯಾವ ಬೀದಿಯಿಂದ, ಏನು ಕೆಲಸಕ್ಕೆ, ಇಷ್ಟೇ. ಬಾಗಿಲ ಬಳಿ ಇರುವ ಸಂದರ್ಶಕರ ಪುಸ್ತಕದಲ್ಲಿ "ಅಭಿಪ್ರಾಯ" ಅನ್ನುವ ಕಾಲಂ ಇದೆಯಲ್ಲ, ಎಲ್ಲರೂ "ತುಂಬಾ ಚೆನ್ನಾಗಿದೆ" ಅಂತ ಬರೆದು ಹೋಗುವಂಥದ್ದು, ಅದನ್ನು ಹೊಡೆದುಹಾಕಿ. ಆ ಜಾಗದಲ್ಲಿ "ನಿಮ್ಮ ಮನೆಯಲ್ಲಿ ಎಸೆಯದೆ ಇಟ್ಟುಕೊಂಡಿರುವ ಹಳೇ ವಸ್ತು ಯಾವುದು?" ಅಂತ ಬರೆಯಿರಿ. ಸಂಜೆ ಬಾಗಿಲು ಹಾಕುವ ಮೊದಲು ಆ ಪುಟ ಓದಿ, ಇಬ್ಬರಿಗೆ ಫೋನ್ ಮಾಡಿ.